ಕಾಳಿಲ್ಲದ ಚಿಲ್ಲಿ

ಮಾಂಸದಂಗಡಿಯಲ್ಲಿ ವರ್ಲೀನ್ ದನದ ಭುಜದ ತುಂಡನ್ನೇ ಕೇಳಿದಳು.

"ಸ್ಪರ್ಧೆಗಲ್ವಾ ಮಿಸ್ ವರ್ಲೀನ್? ಎದೆ ಮಾಂಸ ತಗೊಳ್ಳಿ. ಭುಜ ಅಂದ್ರೆ ಬರೀ ನಾರು," ಎಂದ ಅಂಗಡಿಯ ರಸ್ಟಿ.

"ನಾರಿರೋದಕ್ಕೇ ಅಗ್ಗ. ಅಗ್ಗ ಇರೋದಕ್ಕೇ ನಮ್ಮನೇದು. ಕಟ್ಟಿಕೊಡಪ್ಪ."

ರಸ್ಟಿ ಪೊಟ್ಟಣ ಕಟ್ಟುವಾಗ ಕೇಳದೆಯೇ ಒಂದು ಉಂಡೆ ಕೊಬ್ಬನ್ನು ಒಳಗೆ ಸೇರಿಸಿದ.

ಟೆಕ್ಸಸ್ಸಿನ ಆ ಸಣ್ಣ ಊರಿನಲ್ಲಿ ಪ್ರತಿ ನವೆಂಬರಿಗೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಚಿಲ್ಲಿ ಎಂಬ ಖಾರದ ಮಾಂಸದ ಸಾರಿನ ಅಡುಗೆ ಸ್ಪರ್ಧೆ ನಡೆಯುತ್ತದೆ. ಅಲ್ಲಿ ವರ್ಲೀನಳ ಗಂಡ ಓಡೆಲ್‌ನ ಪಾತ್ರೆ ತಪ್ಪಿದ ವರ್ಷವಿರಲಿಲ್ಲ. ಅವನು ವಸಂತದಲ್ಲಿ ತೀರಿಕೊಂಡ. ಈ ಸಲ ನೀನು ಆರಾಮವಾಗಿ ಕೂತು ಉಂಡುಕೊಂಡು ಹೋಗು ಎಂದು ಎಲ್ಲರೂ ಅಕ್ಕರೆಯಿಂದಲೇ ಹೇಳಿದರು. ಆ ಅಕ್ಕರೆಗೇ ಅವಳು ಹಟ ಹಿಡಿದಳು. ಪಾತ್ರೆ ಆ ಮೇಜಿನ ಮೇಲೆ ಕೂರಲೇಬೇಕು.

ಶುಕ್ರವಾರ ಬೆಳಿಗ್ಗೆ, ಎಣ್ಣೆಬಾವಿಯ ಹಳೆಯ ಕೊಳವೆಯನ್ನು ಕೊಯ್ದು ಓಡೆಲ್ ಬೆಸೆದಿದ್ದ, ಮಾಂಸವನ್ನು ಹೊಗೆಯಲ್ಲೇ ಬೇಯಿಸುವ ಹೊಗೆಗೂಡಿಗೆ ಅವಳು ಮೊದಲ ಸಲ ತಾನೇ ಬೆಂಕಿ ಹಾಕಿದಳು. ಹೊಗೆ ದಪ್ಪಗೆ, ಬೆಳ್ಳಗೆ ಎದ್ದಿತು. ಅಂಥ ಹೊಗೆಗೆ ಮಾಂಸವಿಟ್ಟರೆ ಕಹಿ. ಗಾಳಿಕಿಂಡಿ ತೆರೆದು, ಹೊಗೆ ನೂಲಿನಂತೆ ತೆಳ್ಳಗಾಗಿ ನೀಲಿಗೆ ತಿರುಗುವವರೆಗೆ ಕಾದಳು. ಆಮೇಲಷ್ಟೇ ಉಪ್ಪು, ಮೆಣಸು ತಿಕ್ಕಿದ ಭುಜವನ್ನು ಒಳಗಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಮಾಂಸದೊಳಗಿನ ಬಿಸಿ ಏರದೆ ನಿಂತುಬಿಟ್ಟಿತು. ಪಕ್ಕದ ಮನೆಯ ಹೋಯ್ಟ್ ಬೇಲಿಗೊರಗಿ ನೋಡುತ್ತಿದ್ದ. ಸ್ಪರ್ಧೆಯಲ್ಲಿ ಓಡೆಲ್‌ನ ಹಳೆಯ ಎದುರಾಳಿ ಅವನು.

"ಇನ್ನೆರಡು ಕೊರಡು ತಳ್ಳು ವರ್ಲೀನ್. ಹೀಗಾದ್ರೆ ಕ್ರಿಸ್ಮಸ್ಸಿಗೆ ಬೇಯುತ್ತೆ."

"ತಳ್ಳಲ್ಲ. ತಾನಾಗಿ ಏರುತ್ತೆ."

"ಮೊಂಡು ಹೆಂಗಸು ನೀನು."

"ಅದನ್ನ ಹೇಳೋ ಹಕ್ಕು ಕಟ್ಕೊಂಡವನೊಬ್ಬನಿಗೇ ಇತ್ತು. ನಿನಗಿಲ್ಲ."

ಬಡಗಣ ಗಾಳಿ ಒಮ್ಮೆಲೇ ಬೀಸತೊಡಗಿತು. ಬೆಂಕಿ ನಡುಗಿತು. ಅವಳು ಗಾಳಿಗೆ ಮರೆ ಕಟ್ಟಲೊಂದು ತಗಡು ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ ಹೋಯ್ಟ್ ತನ್ನ ಟ್ರಕ್ಕನ್ನು ತಂದು ಗೂಡಿಗೆ ಅಡ್ಡಲಾಗಿ ನಿಲ್ಲಿಸಿದ್ದ.

"ನಮ್ಮ ಅಂಗಳದಲ್ಲಿ ಜಾಗ ಇಲ್ಲ," ಎಂದ. ಅವನ ಅಂಗಳದಲ್ಲಿ ಎರಡು ಬಸ್ಸು ನಿಲ್ಲಿಸಬಹುದಿತ್ತು.

ಸಂಜೆಗೆ ಮಾಂಸದ ಮೈ ಕರ್ರಗೆ ಗಟ್ಟಿಯಾಗಿತ್ತು. ಒಳಗೆ ಕತ್ತಿ ಸಲೀಸಾಗಿ ಇಳಿಯಿತು. ಆದರೂ ತುಂಡು ಪುಡಿಯಾಗಲಿಲ್ಲ. ಚಿಲ್ಲಿಗೆ ಅಷ್ಟೇ ಬೇಕು.

ಮರುದಿನ ಠಾಣೆಯ ಅಂಗಳದಲ್ಲಿ, ಅರೆದ ಒಣಮೆಣಸಿನಕಾಯಿಯ ಕೆಂಪು ಸಾರಿನಲ್ಲಿ ಆ ತುಂಡುಗಳು ಕುದಿಯುತ್ತಿದ್ದವು. ಸೊಸೆ ಡೆನೀಸಳನ್ನು ಪಾತ್ರೆಯ ಬಳಿ ಬಿಟ್ಟು ವರ್ಲೀನ್ ಹೆಸರು ಬರೆಸಲು ಹೋದಳು. ಆ ಬೇಸಿಗೆಯಲ್ಲಷ್ಟೇ ಮದುವೆಯಾಗಿ ಒಹಾಯೋದಿಂದ ಬಂದ ಹುಡುಗಿ ಅದು. ವರ್ಲೀನ್ ತಿರುಗಿ ಬಂದಾಗ ಡೆನೀಸಳ ಮುಖ ಬೆಳಗುತ್ತಿತ್ತು.

"ಅತ್ತೆ, ಹೊಗೆಗೆ ಮಾಂಸ ಕುಗ್ಗಿಹೋಗಿತ್ತಲ್ಲ, ಪಾತ್ರೆ ಅರ್ಧ ಖಾಲಿ ಕಾಣ್ತಿತ್ತು. ಜನರ ಮುಂದೆ ನಿಮಗೆ ಕಮ್ಮಿ ಆಗಬಾರದು ಅಂತ ಎರಡು ಡಬ್ಬಿ ರಾಜ್ಮಾ ಸುರಿದೆ."

ವರ್ಲೀನ್ ಪಾತ್ರೆಯತ್ತ ಬಗ್ಗಿ ದನಿ ತಗ್ಗಿಸಿದಳು.

"ಯಾರಿಗಾದ್ರೂ ಹೇಳಿದ್ಯಾ ಮಗೂ?"

"ಇಲ್ಲ... ಯಾಕೆ?"

"ಇಲ್ಲಿ ಚಿಲ್ಲಿಗೆ ಕಾಳು ಹಾಕಲ್ಲ. ಬಟ್ಟಲಲ್ಲಿ ಒಂದು ಕಾಳು ಕಂಡರೂ ತೀರ್ಪುಗಾರರು ಬಾಯಿಗಿಡದೆ ಪಕ್ಕಕ್ಕಿಡ್ತಾರೆ."

ಹುಡುಗಿಯ ಕಣ್ಣು ತುಂಬಿತು. "ನಮ್ಮ ಕಡೆ ಎಲ್ಲರೂ ಹಾಕ್ತಾರೆ ಅತ್ತೆ..."

"ಹಾಕ್ತಾರೆ, ಗೊತ್ತು. ಅಳೋಕೆ ಈಗ ಪುರುಸೊತ್ತಿಲ್ಲ. ಜಾಲರಿ ಸೌಟು ಕೊಡು."

ಕೆಂಪು ಸಾರಿನಲ್ಲಿ ಕೆಂಪು ಕಾಳು. ಕಣ್ಣಿಗೆ ಮಾಂಸ ಯಾವುದು, ಕಾಳು ಯಾವುದು ತಿಳಿಯುತ್ತಿರಲಿಲ್ಲ. ಸೌಟಿಗೇ ತಿಳಿಯಬೇಕಿತ್ತು: ಕಾಳು ಜಾರುತ್ತದೆ, ಮಾಂಸ ಜಾರುವುದಿಲ್ಲ. ಅತ್ತೆ ಸೊಸೆ ಬಗ್ಗಿ ಹೆಕ್ಕತೊಡಗಿದರು. ಉಪ್ಪು ಕೇಳಲು ಬಂದ ಹೋಯ್ಟ್ ಇಣುಕಿ ನೋಡಿ ನಕ್ಕುಬಿಟ್ಟ.

"ಓಡೆಲ್ ಇದನ್ನ ನೋಡಿದ್ದಿದ್ರೆ ಪಾತ್ರೆ ಸಮೇತ ನಿನ್ನನ್ನೂ ಊರಾಚೆ ಹಾಕ್ತಿದ್ದ."

"ನನ್ನನ್ನ ಹಾಕೋಷ್ಟು ಧೈರ್ಯ ಅವನಿಗಿರಲಿಲ್ಲ. ನಕ್ಕು ಮುಗೀತಾ? ಹೋಗು, ಸಮಿತಿಯವರಿಗೆ ಚಾಡಿ ಹೇಳಿ ಬಾ."

ಹೋಯ್ಟ್ ಡೆನೀಸಳ ಕೆಂಪಾದ ಮೂಗನ್ನು ನೋಡಿದ. ತನ್ನ ಅಗಲವಾದ ಬೆನ್ನನ್ನು ತೀರ್ಪುಗಾರರ ಡೇರೆಯತ್ತ ತಿರುಗಿಸಿ ನಿಂತು ಚಮಚ ಎತ್ತಿಕೊಂಡ.

"ನಿನ್ನ ಪಾತ್ರೆ ತಳ ಹಿಡಿಯುತ್ತೆ ಕಣೋ," ಎಂದಳು ವರ್ಲೀನ್.

"ಹಿಡೀಲಿ. ನಂದು ಯಾವ ವರ್ಷ ಹಿಡಿದಿಲ್ಲ? ಹುಡುಗಿ, ಆ ಮೂಲೇಲಿ ನೋಡಮ್ಮ, ಒಂದು ಅಡಗಿ ಕೂತಿದೆ."

ಡೆನೀಸ್ ಮೂಗು ಒರೆಸಿಕೊಂಡು ನಕ್ಕಳು.

ತೀರ್ಪುಗಾರ್ತಿ ತಟ್ಟೆ ಹಿಡಿದು ಬಂದಾಗ ಮೂವರ ತೋಳೂ ಮೊಣಕೈವರೆಗೆ ಕೆಂಪಾಗಿತ್ತು. ವರ್ಲೀನ್ ಬಟ್ಟಲು ತುಂಬಿದಳು. ತುಂಬಿದ ಬಟ್ಟಲಿನ ನಡುವೆ ಒಂದು ಕಾಳು ಮೆಲ್ಲಗೆ ಮೇಲೆದ್ದು ತೇಲಿತು.

ಹೋಯ್ಟ್‌ನ ಚಮಚ ಅಡ್ಡ ಬಂತು. ಕಾಳು ಅವನ ಬಾಯೊಳಗೆ ಹೋಯಿತು.

"ಉಪ್ಪು ಸರಿಯಾಗಿದೆ," ಎಂದ ಗಂಭೀರವಾಗಿ.

"ಬೇರೆಯವರ ಬಟ್ಟಲಿಗೆ ಚಮಚ ಹಾಕೋಕೆ ನಾಚಿಕೆ ಆಗಲ್ವಾ ಹೋಯ್ಟ್?" ಎಂದು ಗದರಿದ ತೀರ್ಪುಗಾರ್ತಿ, ಬೇರೆ ಬಟ್ಟಲು ತುಂಬಿಸಿಕೊಂಡು ಹೋದಳು.

ಮೂವರೂ ಕತ್ತು ಚಾಚಿ ನೋಡಿದರು. ಮೇಜಿನ ಬಳಿ ಆಕೆ ಬಟ್ಟಲನ್ನು ಕಲಕಿದಳು. ಒಂದು ತುಂಡು ಬಾಯಿಗಿಟ್ಟಳು. ಬಟ್ಟಲನ್ನು ಪಕ್ಕಕ್ಕಿಡಲಿಲ್ಲ, ಚಮಚ ಮತ್ತೊಮ್ಮೆ ಒಳಗಿಳಿಯಿತು.

ವರ್ಲೀನ್ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೋಯ್ಟ್ ಇಬ್ಬರತ್ತ ಬಗ್ಗಿ ಪಿಸುಗುಟ್ಟಿದ: "ಕಾಳು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಯಾರಿಗಾದ್ರೂ ಹೇಳಿದ್ರೆ ನೋಡಿ ಮತ್ತೆ."