ಮೊದಲೇ ಟೈಪಾಗಿದ್ದ ಸಾಲು

ಫ್ಯಾನಿನ ಗಾಳಿಗೆ ಅರ್ಜಿಯ ಮೂಲೆ ಏಳುತ್ತಿದೆ, ಬೀಳುತ್ತಿದೆ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು, ಮಾನವ ಹಕ್ಕುಗಳ ಸಂಸ್ಥೆ ಅಂದಮೇಲೆ ಕೂರುವ ಕುರ್ಚಿಯಾದರೂ ನೆಟ್ಟಗಿರಬೇಡವೇ, ಒಂದು ಕಾಲು ಗಿಡ್ಡ, ಇರಲಿ, ಆಡಳಿತ ಮಂಡಳಿಗೆ ಆರಿಸಿದರೆ ಮೊದಲ ಸಭೆಯಲ್ಲೇ ಈ ಮಾತೆತ್ತಿದರಾಯಿತು — ಆರಿಸಿದರೆ ತಾನೇ, ಆರು ಪ್ರಶ್ನೆ ನೀರು ಕುಡಿದಷ್ಟು ಸಲೀಸಾಗಿ ಮುಗಿದವು, ಅನುಭವ, ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್, ಏಳನೆಯದಕ್ಕೆ ಬಂದು ಪೆನ್ನು ಹಟ ಹಿಡಿದಿದೆ, ನಿಮ್ಮ ಬಗ್ಗೆ ನಾವು ತಿಳಿದಿರಬೇಕಾದ್ದು ಏನಾದರೂ ಇದೆಯೇ. ಏಳನೇದಕ್ಕೆ ಇಲ್ಲ ಅಂತ ಬರೆದ್ಬಿಡಿ ಅತ್ತೆ, ಎಲ್ರೂ ಅದನ್ನೇ ಬರೆಯೋದು, ಅಂದಿದ್ದಳು ಸೊಸೆ, ಒಳ್ಳೆಯವಳು, ಅತ್ತೆ ನಿವೃತ್ತಿಯಾದ ಮೇಲೆ ಅದೇ ಡಬ್ಬಗಳನ್ನು ಮತ್ತೆ ಮತ್ತೆ ಜೋಡಿಸುವುದನ್ನು ನೋಡಲಾರದೆ ಅರ್ಜಿ ತಂದುಕೊಟ್ಟವಳೂ ಅವಳೇ, ಎರಡೇ ಅಕ್ಷರ, ಬರೆದರೆ ಬೆಳಗ್ಗೆ ಚಪ್ಪಲಿ ಮೆಟ್ಟಿ ಹೊರಡಲು ಒಂದು ಜಾಗ, ತನ್ನ ಮಾತಿಗೂ ತಲೆಯಾಡಿಸುವ ನಾಲ್ಕು ಜನ, ಬೇಕು, ಸುಳ್ಳೇಕೆ, ಇವಳಿಗೆ ಇದು ಬೇಕೇ ಬೇಕು.

ಆದರೆ ಆ ಸಾಲು — ದಿನಕ್ಕೆ ಇಪ್ಪತ್ತು ತಪ್ಪೊಪ್ಪಿಗೆ, ಎಲ್ಲದರ ಕೊನೆಗೂ ಒಂದೇ ಸಾಲು, ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ಹೇಳಿದ್ದೇನೆ, ಬೆಳಗ್ಗೆ ಬಂದವಳೇ ಇಪ್ಪತ್ತು ಹಾಳೆಗಳ ಬುಡದಲ್ಲಿ ಅದನ್ನು ಮೊದಲೇ ಟೈಪ್ ಮಾಡಿ ಇಟ್ಟುಬಿಡುತ್ತಿದ್ದಳು, ಮೇಲೆ ಖಾಲಿ, ಯಾರು ಬರುತ್ತಾರೋ ಅವರ ಮಾತು ತುಂಬಿದರಾಯಿತು, ಚುರುಕು ಕಣಮ್ಮ ನೀನು ಅಂತ ಮೇಲಿನವರು ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಬಂದವನು ಗಾರೆ ಕೆಲಸದವನು, ಕಳ್ಳತನದ ಆರೋಪ, ಕೇಳಿದ್ದಕ್ಕೆಲ್ಲ ಹೂಂ, ಹೂಂ, ಇವಳು ಕುಟ್ಟುತ್ತಿದ್ದಾಳೆ, ನ್ಯಾಯಾಧೀಶರು ಕನ್ನಡಕ ತೆಗೆದರು, ಯಾರಾದ್ರೂ ಹೆದರಿಸಿ ಹೇಳಿಸಿದ್ರೇನಪ್ಪಾ, ಅವನು ಹಿಂದೆ ನಿಂತ ಪೊಲೀಸಿನವನಿಗೆ ಕಾಣದ ಹಾಗೆ ಮೇಜಿನ ಕೆಳಗೆ ಇವಳತ್ತ ಕೈ ಚಾಚಿದ, ಎರಡು ಬೆರಳಿಗೆ ಉಗುರಿಲ್ಲ. ಇವಳು ಒಬ್ಬಳೇ ನೋಡಿದ್ದು. ಆಗಲೇ ನ್ಯಾಯಾಧೀಶರು ಹಾಳೆ ಎಳೆದುಕೊಂಡು, ಕೊನೇ ಸಾಲು ಇದೆಯಲ್ಲ, ಸರಿ, ಸಹಿ ಹಾಕಿಸಿ. ಇಟ್ಟಿಗೆ ಬಿದ್ದಿರಬೇಕು, ಗಾರೆ ಕೆಲಸದವರ ಉಗುರು ಅಷ್ಟೇ, ಅಂದುಕೊಂಡಳು, ಆರು ವರ್ಷ ಅದನ್ನೇ ಅಂದುಕೊಂಡಳು, ಅವನು ಜೈಲಿನಲ್ಲಿದ್ದದ್ದೂ ಆರು ವರ್ಷ, ಆಮೇಲೆ ನಿಜವಾದ ಕಳ್ಳ ಸಿಕ್ಕ, ನಾಚಿಕೆ, ಈಗಲೂ ಮೈಯೆಲ್ಲ ನಾಚಿಕೆ.

ಮುಗೀತಾ ಅಮ್ಮಾ, ಒಳಗೆ ಕಾಯ್ತಿದ್ದಾರೆ, ಕಾರ್ಯದರ್ಶಿ ಬಾಗಿಲಲ್ಲಿ ಇಣುಕಿದ, ಒಂದೇ ನಿಮಿಷಪ್ಪ, ಬರೆದಳು, ಇದೆ, ಜಾಗ ಹೋದರೆ ಹೋಯಿತು, ಸೊಸೆ ಬೈದರೆ ಬೈಯಲಿ, ಒಬ್ಬ ಗಾರೆ ಕೆಲಸದವನ — ಹೆಸರು, ಹೆಸರು ಹಾಕಬೇಕು, ತಾನೇ ಟೈಪ್ ಮಾಡಿದ ಹೆಸರು, ಎಷ್ಟು ತಡಕಿದರೂ ಸಿಗುತ್ತಿಲ್ಲ, ಉಗುರಿಲ್ಲದ ಆ ಎರಡು ಬೆರಳು ಮಾತ್ರ, ಅಂದು ಸಹಿ ಹಾಕಲು ಪೆನ್ನು ಹಿಡಿಯಲಾರವು, ಬೇಗ ಆಗಲಿ ಅಂತ ಇವಳೇ ಬಗ್ಗಿ ಪೆನ್ನನ್ನು ಆ ಬೆರಳುಗಳ ನಡುವೆ ಸಿಕ್ಕಿಸುತ್ತಿದ್ದಾಳೆ.