ಬಿಳಿ ಮಣಿಯ ದಿನಗಳು

ಮಾತ್ರೆ ನುಂಗಿದರೆ ಹೊಲಿಗೆಯವಳಿಗೆ ತಲೆ ಸುತ್ತುತ್ತಿತ್ತು. ಹೊಲಿಯಲು ಕುಳಿತರೆ ಬಟ್ಟೆಯ ಅಂಚೇ ಅಲುಗಾಡಿದಂತೆ ಕಾಣುತ್ತಿತ್ತು. ಬಿಟ್ಟರೆ ಮತ್ತೊಂದು ಬಸಿರಿನ ಭಯ. ಮೂರನೆಯ ಮಗಳೇ ಇನ್ನೂ ಸೊಂಟದಿಂದ ಇಳಿದಿರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಅಂಥ ಹೊತ್ತಿನಲ್ಲೇ ಆರೋಗ್ಯ ಕೇಂದ್ರದ ನರ್ಸ್ ಓಣಿಯ ಹೆಂಗಸರನ್ನು ಕೂಡಿಸಿ ಬಣ್ಣದ ಮಣಿಸರವೊಂದನ್ನು ತೋರಿಸಿದಳು. ಮುಟ್ಟಾದ ದಿನ ಕೆಂಪು ಮಣಿಗೆ ಒಂದು ರಬ್ಬರ್ ಉಂಗುರ ಹಾಕಬೇಕು. ಆಮೇಲೆ ದಿನಕ್ಕೊಂದು ಮಣಿಯಂತೆ ಉಂಗುರವನ್ನು ಮುಂದೆ ಸರಿಸುತ್ತ ಹೋಗಬೇಕು. ಕಂದು ಮಣಿಯ ದಿನ ಬಸಿರಾಗುವ ಸಂಭವ ಕಡಿಮೆ, ಬಿಳಿ ಮಣಿಯ ದಿನ ಹೆಚ್ಚು.

"ಬಿಳಿ ಮಣಿ ಇರೋವಷ್ಟು ದಿನ ಗಂಡ ಹೆಂಡತಿ ದೂರ ಇರ್ಬೇಕು. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗೋರಿಗೆ ಮಾತ್ರ ಇದು ಹೊಂದತ್ತೆ. ಹಾಗಿದ್ರೂ ನೂರಕ್ಕೆ ನೂರು ಗ್ಯಾರಂಟಿ ಅಂತ ನಾನು ಹೇಳಲ್ಲ. ಗಂಡನೂ ಒಪ್ಪಬೇಕು" ಎಂದಳು ನರ್ಸ್.

"ಕಡೇ ಮಾತೇ ಕಷ್ಟ ಕಣಮ್ಮಾ" ಎಂದು ಹಿಂದಿನಿಂದ ಅಜ್ಜಿಯೊಬ್ಬಳು ಹೇಳಿದಾಗ ಕೋಣೆಯೆಲ್ಲ ನಕ್ಕಿತು.

ಹೊಲಿಗೆಯವಳ ಗಂಡ ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವವನು. ಗೋಡೆಯ ಮೊಳೆಗೆ ತೂಗುಹಾಕಿದ ಸರ ನೋಡಿ, "ಮಣಿ ಎಣಿಸ್ಕೊಂಡು ಇರೋಕೆ ನಾನೇನು ಸನ್ಯಾಸಿನಾ?" ಎಂದ. ಆದರೂ ಬೇಡವೆನ್ನಲಿಲ್ಲ, ಬಿಳಿ ಮಣಿ ಬಂದಾಗಲೆಲ್ಲ ಹುದುಗು ಬಂದ ಹಿಟ್ಟಿನಂತೆ ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಗಂಡಸರಿಗೂ ತಿಳಿಸಿ ಹೇಳುತ್ತೇನೆಂದು ನರ್ಸ್ ಕರೆದಾಗ ಬರಿಯ ಕುರ್ಚಿಗಳಷ್ಟೇ ಬಂದಿದ್ದವು!

ಒಂದು ಮಧ್ಯಾಹ್ನ ಹೊಲಿದ ಬಟ್ಟೆ ಕೊಟ್ಟು ಬಂದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ, "ನಿಮ್ಮ ಯಜಮಾನ್ರು ಮಗೂನ ಎತ್ಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ್ರು" ಎಂದಳು. ಹೊಲಿಗೆಯವಳು ಬಂದ ಕಾಲಲ್ಲೇ ಅತ್ತ ಓಡಿದಳು.

ಕೇಂದ್ರದಲ್ಲಿ ಮಗು ತೂಕದ ಯಂತ್ರದ ಪಕ್ಕ ಕುಳಿತು ಬಿಸ್ಕತ್ತು ತಿನ್ನುತ್ತಿತ್ತು. ಬಸುರಿಯರ ಬೆಂಚಿನ ತುದಿಯಲ್ಲಿ ಗಂಡ, ಕಿವಿಯವರೆಗೂ ಕೆಂಪಾಗಿ, ಕರವಸ್ತ್ರದ ಮೇಲೆ ಹರಡಿದ ಮಣಿಗಳನ್ನು ಪೋಣಿಸುತ್ತಿದ್ದ.

"ನಾನು ಬೇಕಂತ ಕಿತ್ತಿಲ್ಲ ಕಣೇ! ಇವಳು ಎಳೆದುಬಿಟ್ಲು. ಯಾವುದಾದ್ಮೇಲೆ ಯಾವುದು ಅಂತ ಗೊತ್ತಾಗ್ಲಿಲ್ಲ. ತಪ್ಪಾಗಿ ಪೋಣಿಸಿದ್ರೆ ಕಷ್ಟ ನಿಂಗಲ್ವಾ?"

"ಹೊಸದು ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ. ಕಲ್ತೇ ಹೋಗ್ತೀನಿ ಅಂತ ಕೂತಿದ್ದಾರೆ" ಎಂದು ನರ್ಸ್ ನಗು ತಡೆದಳು.

ದಾರಿಯಲ್ಲಿ ಅವನು ಮಗುವನ್ನು ಹೆಗಲಿಗೇರಿಸಿಕೊಂಡು ಹೇಳಿದ: "ಈ ಮಣಿಸರ ನನ್ನ ದೂರ ಇಡೋಕೆ ನೀನು ಹುಡುಕಿದ ನೆಪ ಅಂದ್ಕೊಂಡಿದ್ದೆ."

"ನೆಪಕ್ಕಾದ್ರೆ ತಲೆನೋವು ಸಾಕಿರ್ಲಿಲ್ವೇನ್ರೀ? ನರ್ಸಮ್ಮನ ಕ್ಲಾಸಿಗೆ ಯಾಕೆ ಹೋಗ್ತಿದ್ದೆ?"

ಅವನು ಬೀದಿಯಲ್ಲೇ ಗಹಗಹಿಸಿ ನಕ್ಕ. ಅವಳಿಗೆ ಯಾಕೋ ಕಣ್ಣು ತುಂಬಿ ಬಂತು.

ಗಂಡಸರು ಕೇಂದ್ರಕ್ಕೆ ಬಾರದಿದ್ದರೆ ಕೇಂದ್ರವೇ ಅವರಿದ್ದಲ್ಲಿಗೆ ಹೋಗಲಿ ಎಂದು ಅವನೇ ನರ್ಸಿಗೆ ಹೇಳಿದ. ಮುಂದಿನ ಸಭೆ, ಒಲೆ ಆರಿದ ಮೇಲೆ, ಬೇಕರಿಯಲ್ಲೇ ನಡೆಯಿತು. ಹಿಟ್ಟಿನ ಮೂಟೆಗಳ ಮೇಲೆ ಕುಳಿತವರಲ್ಲಿ ಒಬ್ಬ, "ಇದೆಲ್ಲ ಹೆಂಗಸರ ವಿಷಯ" ಎಂದು ಗೊಣಗಿದ.

ಬಾಗಿಲ ಹೊರಗೆ ನಿಂತಿದ್ದ ಹೊಲಿಗೆಯವಳಿಗೆ ಗಂಡನ ದನಿ ಕೇಳಿಸಿತು: "ಒಂದು ಕೈಲಿ ಚಪ್ಪಾಳೆ ಆಗತ್ತೇನಯ್ಯಾ? ಸುಮ್ನೆ ಕೂತು ಕೇಳು."