ಮಿನುಗದ ದೀಪ

ನಿಧಾನಸ್ಥರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಂಡ್ಯದ ಕಡೆಯವಳು ನಾನು. ಕೆಲಸ ಕಂಡರೆ ಕೈ ಹಾಕಿಬಿಡಬೇಕು. ಚೆನ್ನೈನ ಗಿಂಡಿಯಲ್ಲಿರುವ ನಮ್ಮ ಸರ್ವರ್ ಕೋಣೆಯಲ್ಲಿ ನನಗೆ ಜೋಡಿಯಾಗಿ ಸಿಕ್ಕವಳು ಉಡುಪಿ ಕಡೆಯ ಹರ್ಷಿಣಿ. ಅವಳಪ್ಪ ರಘುರಾಮ ರಾಯರು ಟಿ. ನಗರದಲ್ಲಿ ಊಟದ ಹೋಟೆಲು ನಡೆಸುತ್ತಾರೆ. ಮಗಳೋ, ಒಂದು ಸ್ಕ್ರೂ ತಿರುಗಿಸುವುದಕ್ಕೂ ಎರಡೆರಡು ಸಲ ಯೋಚಿಸುತ್ತಾಳೆ. ಮೊದಮೊದಲು ಅವಳ ಜೊತೆ ಕೆಲಸವೆಂದರೆ ನನಗೆ ದೊಡ್ಡ ತಲೆನೋವಾಗಿತ್ತು.

ಆ ಬೆಳಿಗ್ಗೆ, ಕ್ರೋಂಪೇಟೆ ಕಡೆಯ ಮಕ್ಕಳ ಆಸ್ಪತ್ರೆಯೊಂದರ ಸ್ಕ್ಯಾನ್ ಚಿತ್ರಗಳಿದ್ದ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಕೈಕೊಟ್ಟಿತು. ಹನ್ನೆರಡು ಡಿಸ್ಕುಗಳು ಸಾಲಾಗಿ ಕೂತಿರುವ ಹಳೆಯ ಪೆಟ್ಟಿಗೆ ಅದು. ಒಂದು ಹೋದರೆ ಉಳಿದವು ಸೇರಿ ತಡವರಿಸುತ್ತಲೇ ಅದರ ಭಾರ ಹೊರುತ್ತವೆ. ಇನ್ನೊಂದು ಹೋದರೆ ಎಲ್ಲವೂ ಹೋದಂತೆಯೇ. ನಕಲು ತೆಗೆಯುವ ವ್ಯವಸ್ಥೆ ಕೆಟ್ಟು ಕೂತಿದ್ದರಿಂದ ಆ ವಾರದ ಚಿತ್ರಗಳಿಗೆ ಬೇರೆ ಪ್ರತಿಯೂ ಇರಲಿಲ್ಲ. ಅವುಗಳಲ್ಲೊಂದು ಹಸುಗೂಸಿನ ಹೃದಯದ ಸ್ಕ್ಯಾನ್. ಮಧ್ಯಾಹ್ನವೇ ಆಪರೇಷನ್ ಇತ್ತು. ಚಿತ್ರ ಅರ್ಧ ತೆರೆದು ನಿಂತುಬಿಡುತ್ತಿದೆ, ಮಗುವಿಗೆ ಮತ್ತೆ ಮಂಪರು ಬರಿಸಿ ಸ್ಕ್ಯಾನ್ ಮಾಡುವ ಸ್ಥಿತಿಯಿಲ್ಲ ಎಂದು ಅಲ್ಲಿನ ಡಾಕ್ಟರ್ ಅರವಿಂದ್ ಫೋನಿನ ಮೇಲೆ ಫೋನು ಮಾಡುತ್ತಿದ್ದರು.

ಕೆಟ್ಟಿರುವುದು ಏಳನೇ ನಂಬರಿನ ಡಿಸ್ಕ್ ಎಂದು ಯಂತ್ರವೇ ಪರದೆಯ ಮೇಲೆ ತೋರಿಸಿತ್ತು. ಪೆಟ್ಟಿಗೆಯ ಒಂದು ಡಿಸ್ಕಿನ ಮೇಲೆ ‘7’ ಎಂಬ ಹೊಸ ಸ್ಟಿಕ್ಕರ್ ಕಣ್ಣಿಗೆ ಹೊಡೆಯುವಂತಿತ್ತು. ಅದರ ಹಿಡಿಕೆಗೆ ಕೈ ಹಾಕಿದೆ.

"ನಿಲ್ಲು ಮಾರಾಯ್ತಿ," ಎಂದಳು ಹರ್ಷಿಣಿ. "ಒಮ್ಮೆ ನೋಡುವ."

"ಇನ್ನೇನೇ ನೋಡದು? ಏಳು ಅಂತ ಬರ್ದೈತಲ್ಲ! ಅಲ್ಲಿ ಕೂಸಿನ ಪ್ರಾಣ ಹೋಯ್ತಾ ಐತೆ."

"ಅದಕ್ಕೇ ನೋಡುವ ಅಂದದ್ದು."

ಕೆಟ್ಟ ಡಿಸ್ಕನ್ನು ತೋರಿಸಬೇಕಾದ ಕೆಂಪು ದೀಪ ಆ ಪೆಟ್ಟಿಗೆಯಲ್ಲಿ ಎಂದೋ ಸತ್ತುಹೋಗಿತ್ತು. ಓದುವಾಗ ಮಿನುಗುವ ಹಸಿರು ದೀಪಗಳು ಮಾತ್ರ ಉಳಿದಿದ್ದವು. ಹರ್ಷಿಣಿ ಕೀಬೋರ್ಡಿನ ಮುಂದೆ ಕೂತು, ಯಂತ್ರ ಹೇಳಿದ ಏಳನೆಯದನ್ನು ಬಿಟ್ಟು ಉಳಿದೆಲ್ಲ ಡಿಸ್ಕುಗಳಿಗೆ ಒಟ್ಟಿಗೇ ಓದುವ ಕೆಲಸ ಕೊಟ್ಟಳು.

"ಅಪ್ಪ ಪಂಕ್ತಿಯಲ್ಲಿ ಯಾರಿಗೆ ಬಡಿಸ್ಲಿಲ್ಲ ಅಂತ ಕೇಳುವುದಿಲ್ಲ. ಕೇಳಿದ್ರೆ ನಾಚಿಕೆಯವ್ರು ಬಾಯಿ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು ಕೈ ನೋಡ್ತಾರೆ. ಯಾರ ಕೈ ಆಡುವುದಿಲ್ವೋ ಅವರ ಎಲೆ ಖಾಲಿ."

ನನಗೆ ರೇಗಿತು. ಹೊತ್ತಲ್ಲದ ಹೊತ್ತಿನಲ್ಲಿ ಹೋಟೆಲಿನ ಪುರಾಣ! ಆದರೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಹಸಿರು ದೀಪಗಳು ಚಡಪಡಿಸತೊಡಗಿದವು. ನಾನು ಹಿಡಿದುಕೊಂಡಿದ್ದ ಡಿಸ್ಕಿನ ದೀಪವೂ ಮಿನುಗುತ್ತಿತ್ತು. ಸುಮ್ಮನೆ ಕೂತಿದ್ದದ್ದು ಅದರ ಪಕ್ಕದ್ದು, ‘8’ ಎಂಬ ಸ್ಟಿಕ್ಕರಿನದು. ಬೆಂಕಿ ತಾಗಿದಂತೆ ಕೈ ಹಿಂದಕ್ಕೆಳೆದುಕೊಂಡೆ.

ಹರ್ಷಿಣಿ ‘8’ನ್ನು ಹೊರಗೆಳೆದು, ಅದರ ಮೈಮೇಲಿನ ಕ್ರಮಸಂಖ್ಯೆಯನ್ನು ಪರದೆಯಲ್ಲಿದ್ದುದಕ್ಕೆ ಹೋಲಿಸಿದಳು. ಅದೇ. ಹೊಸ ಡಿಸ್ಕನ್ನು ಮೆಲ್ಲಗೆ ತಳ್ಳಿ ಕೂರಿಸಿದಳು. ಸ್ವಲ್ಪ ಹೊತ್ತಿಗೆ ಅದರ ದೀಪವೂ ಮಿನುಗತೊಡಗಿತು. ಅರವಿಂದ್ ಮತ್ತೆ ಫೋನು ಮಾಡಿದರು. ಈ ಸಲ ಥ್ಯಾಂಕ್ಸ್ ಹೇಳಲು.

ಸ್ಟಿಕ್ಕರಿನ ಗುಟ್ಟು ಆಮೇಲೆ ತಿಳಿಯಿತು. ಆಯುಧಪೂಜೆಗೆ ಯಂತ್ರಗಳನ್ನೆಲ್ಲ ಒರೆಸಿ ಕುಂಕುಮವಿಟ್ಟವರು ನಮ್ಮ ಆಫೀಸಿನ ಸಹಾಯಕ ಭೋಜರಾಜರು. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ. ಹಳೆಯ ಸ್ಟಿಕ್ಕರುಗಳು ಕೊಳೆಯಾಗಿದ್ದವೆಂದು ಹೊಸದು ಅಂಟಿಸಿದ್ದರು. ಯಂತ್ರ ಎಣಿಸುವುದು ಸೊನ್ನೆಯಿಂದ. ಹಳೆಯ ಸ್ಟಿಕ್ಕರುಗಳೂ ಹಾಗೇ ಇದ್ದವು. ಹೊಸದರಲ್ಲಿ ಯಂತ್ರದ ಏಳು ಎಂಟಾಗಿತ್ತು.

"ಪೂಜೆ ದಿವಸ ಸೊನ್ನೆ ಬರೆಯೋದಾ ಮೇಡಂ?" ಎಂದರು ಭೋಜರಾಜರು, ನಾನು ರೇಗಿದಾಗ. "ಪಿಳ್ಳೈಯಾರ್ ಸುಳಿ ಹಾಕಿ, ಗಣಪತಿ ಹೆಸರು ಹೇಳಿ, ಒಂದರಿಂದ ಶುರು ಮಾಡ್ದೆ. ನಲ್ಲದಕ್ಕೇ, ಒಳ್ಳೇದಕ್ಕೇ ಮಾಡಿದ್ದು!"

ಸ್ಟಿಕ್ಕರುಗಳನ್ನು ಕಿತ್ತು, ಸೊನ್ನೆಯಿಂದ ಶುರುಮಾಡಿ, ಒಂದೊಂದನ್ನೂ ಎರಡೆರಡು ಸಲ ನೋಡಿ ಅಂಟಿಸಿದೆ. ನನ್ನ ಮಟ್ಟಿಗೆ ಅದೂ ಒಂದು ಸಾಧನೆಯೇ.

ಮಗು ಚೇತರಿಸಿಕೊಳ್ಳುತ್ತಿದೆ ಎಂಬ ಸುದ್ದಿ ಮರುದಿನ ಬಂತು. ಹರ್ಷಿಣಿ ನನ್ನನ್ನು ಟಿ. ನಗರದ ಅಪ್ಪನ ಹೋಟೆಲಿಗೆ ಊಟಕ್ಕೆ ಎಳೆದುಕೊಂಡು ಹೋದಳು. ಪಕ್ಕದಲ್ಲಿ ಕೂತು ಏನೂ ಆಗಿಲ್ಲವೆಂಬಂತೆ ಹಪ್ಪಳ ಮುರಿಯುತ್ತಿದ್ದಳು. ಎಂಥ ಹುಡುಗಿ ಇವಳು! ಇವಳನ್ನು ನಾನು ನಿಧಾನಸ್ಥೆ ಎಂದು ಬೈಯುತ್ತಿದ್ದೆನಲ್ಲ. ಎಲೆಯ ಮೇಲಿದ್ದ ನನ್ನ ಬಲಗೈಯನ್ನೇ ನೋಡಿದೆ. ಇದೇ ಕೈ, ಇನ್ನೊಂದು ಕ್ಷಣ ಬಿಟ್ಟಿದ್ದರೆ ಎಳೆದೇಬಿಡುತ್ತಿತ್ತು. ಅನ್ನ ಕಲಸುವುದು ಮರೆತೇಹೋಯಿತು.

"ಎಂತ ಮಗಾ, ಕೈ ನಿಂತದ್ದು?" ಬಾಗಿಲ ಕಡೆಯಿಂದ ರಘುರಾಮ ರಾಯರ ದನಿ. "ಹೋಯ್, ಆ ಎಲೆಗೆ ಸಾರು ಬರ್ಲಿಲ್ಲ ನೋಡು!"

ಸಾರು ಬಂದಿತ್ತು. ಆದರೂ ಇಲ್ಲವೆನ್ನಲಿಲ್ಲ. ಬಡಿಸುವವನು ಬರುವವರೆಗೆ, ಜೀವನದಲ್ಲಿ ಮೊದಲ ಬಾರಿಗೆ, ಸುಮ್ಮನೆ ಕಾಯುತ್ತಾ ಕೂತೆ.